ಮಣ್ಣುಹಂದಿಯ ಬಿಲದಲ್ಲಿ ಯಾರ್ಯಾರಿದ್ದಾರೆ?

(ನಮ್ಮ ಬಡಾವಣೆಯ ಗ್ರಂಥಾಲಯದ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ಹಿಂದೆ ಮುಂದೆ ಮಾಡಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಆಫ್ರಿಕಾದಲ್ಲಿ ಕಿಂಬರ್ಲಿ ಅಂತ ಒಂದು ಊರಿದೆ. ವಜ್ರದ ಗಣಿಯ ಊರು. 1871ರಿಂದ 1914ರವರೆಗೆ ಜನ ಗುದ್ದಲಿ, ಸಲಿಕೆ ಹಿಡಿದು ಅಲ್ಲೊಂದು ಭಾರಿ ಗುಂಡಿ ತೋಡಿದರು. ಇವತ್ತಿಗೂ ಅದನ್ನು ನೋಡಲು ಪ್ರವಾಸಿಗರು ಬರುತ್ತಾರೆ. ನಾನೂ ನೋಡಿದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಗುಂಡಿ ಅಲ್ಲ. ಊರಿನಾಚೆ, ಒಣ ಹುಲ್ಲಿನ ಬಯಲಿನಲ್ಲಿ ನೋಡಿದ ಇನ್ನೊಂದು. ಅರ್ಧ ಮೀಟರ್ ಅಗಲವೂ ಇಲ್ಲದ ಬಿಲ.

ಜುಲೈ ತಿಂಗಳು. ಅಲ್ಲಿ ಅದು ಚಳಿಗಾಲ. ಸಂಜೆ ಬಿಸಿಲು ಇಳಿಯುತ್ತಿತ್ತು. ಬಿಲದ ಬಾಯಲ್ಲಿ ಕೆಂಪು ಮಣ್ಣಿನ ಗುಡ್ಡೆ, ಇನ್ನೂ ಹಸಿ. ಗೋಡೆಯ ಮೇಲೆ ಉಗುರಿನ ಗೀರುಗಳು. ಯಾರೋ ದೊಡ್ಡ ಬಾಚಣಿಗೆಯಿಂದ ಮಣ್ಣು ಬಾಚಿದ ಹಾಗೆ. ನಾನು ಬಗ್ಗಿ ಒಳಗೆ ಟಾರ್ಚ್ ಬಿಡಲು ಹೋದೆ. ಜೊತೆಗಿದ್ದ ಮಾರ್ಗದರ್ಶಿ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಬಿಲದ ಎದುರಿಗೆ ಯಾವತ್ತೂ ನಿಲ್ಲಬೇಡಿ. ಪಕ್ಕದಲ್ಲಿ ನಿಲ್ಲಿ. ತೋಡಿದವನು ಯಾರು ಅಂತ ಗೊತ್ತು. ಈಗ ಒಳಗೆ ಇರುವವನು ಯಾರು ಅಂತ ಗೊತ್ತಿಲ್ಲ."

ಈ ಮಾತಿನ ಸುತ್ತವೇ ಇವತ್ತು ನಾನು ಮಾತಾಡುತ್ತೇನೆ.

ತೋಡಿದವನ ಹೆಸರು ಆರ್ಡ್‌ವಾರ್ಕ್. ದಕ್ಷಿಣ ಆಫ್ರಿಕಾದ ಡಚ್ ಮೂಲದ ವಲಸಿಗರು ಇಟ್ಟ ಹೆಸರು. ಅವರ ಮಾತಿನಲ್ಲಿ ಆರ್ಡ್ ಅಂದರೆ ಮಣ್ಣು, ವಾರ್ಕ್ ಅಂದರೆ ಹಂದಿ. ಮಣ್ಣುಹಂದಿ! ನನಗಂತೂ ಇದು ಕನ್ನಡದವರೇ ಇಟ್ಟ ಹೆಸರು ಅನ್ನಿಸಿತು. ಮೈಮೇಲೆ ಮುಳ್ಳಿದ್ದರೆ ನಾವು ಮುಳ್ಳುಹಂದಿ ಅನ್ನುತ್ತೇವೆ. ಚಿಪ್ಪಿದ್ದರೆ ಚಿಪ್ಪುಹಂದಿ. ಎರಡೂ ಹಂದಿ ಜಾತಿಗೆ ಸೇರಿದವಲ್ಲ. ಮಣ್ಣುಹಂದಿಯೂ ಹಂದಿ ಅಲ್ಲ.

ಹಾಗಾದರೆ ಏನು? ನೋಡೋಕೆ ನಾಲ್ಕಾರು ಪ್ರಾಣಿಗಳನ್ನು ಸೇರಿಸಿ ಹೊಲಿದ ಹಾಗಿದೆ. ಮೊಲದ ಕಿವಿ. ಹಂದಿಯದಕ್ಕಿಂತ ಉದ್ದನೆಯ ಮೂತಿ. ಕಾಂಗರೂವಿನ ಹಾಗೆ ಬುಡದಲ್ಲಿ ದಪ್ಪಗಿರುವ ಬಾಲ. ಬೆನ್ನು ಗೂನು. ಕೂದಲು ವಿರಳ, ಚರ್ಮ ದಪ್ಪ. 40ರಿಂದ 65 ಕಿಲೋ ತೂಕ. ಅಂದರೆ ನಮ್ಮ ನಿಮ್ಮಷ್ಟೇ. ಮೈಬಣ್ಣ ಬೂದು ಅಂತ ಪುಸ್ತಕಗಳು ಹೇಳುತ್ತವೆ. ನಾನು ನೋಡಿದ್ದು ಕೆಂಪಗಿತ್ತು. ಅದು ಆ ನೆಲದ ಮಣ್ಣಿನ ಬಣ್ಣ. ತೋಡಿದ ಮಣ್ಣೇ ಅದಕ್ಕೆ ಬಟ್ಟೆ.

ಅದರ ಹತ್ತಿರದ ಸಂಬಂಧಿ ಅಂತ ಇವತ್ತು ಭೂಮಿಯ ಮೇಲೆ ಯಾವ ಪ್ರಾಣಿಯೂ ಇಲ್ಲ. ಸಸ್ತನಿಗಳಲ್ಲಿ ಒಂದು ಇಡೀ ಗಣಕ್ಕೆ ಇದೊಂದೇ ವಾರಸುದಾರ. ದೂರದ ನೆಂಟರು ಯಾರು ಗೊತ್ತಾ? ಆನೆ, ಕಡಲಹಸು, ಬಂಡೆಗಳ ನಡುವೆ ಇರುವ ಮೊಲದ ಗಾತ್ರದ ಹೈರಾಕ್ಸ್, ಆನೆಮೂಗಿನ ಸುಂಡಿಲಿ. ಡಿಎನ್‌ಎ ಪರೀಕ್ಷೆ ಬಂದ ಮೇಲೆ, 1990ರ ದಶಕದ ಕೊನೆಯಲ್ಲಿ ಈ ನೆಂಟಸ್ತಿಕೆ ಗಟ್ಟಿಯಾಯಿತು. ಆಫ್ರಿಕಾದಲ್ಲೇ ಹುಟ್ಟಿ ಬೆಳೆದ ಹಳೆಯ ವಂಶ ಅದು. ದಕ್ಷಿಣ ಅಮೆರಿಕದ ಇರುವೆಬಾಕನಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ಚಿಪ್ಪುಹಂದಿಗೂ ಇಲ್ಲ. ಚಿಪ್ಪುಹಂದಿ ರಕ್ತದಲ್ಲಿ ಬೆಕ್ಕು ನಾಯಿಗಳ ಕಡೆಯದು. ಮೂವರೂ ಬೇರೆ ಬೇರೆ ಮನೆಯವರು, ಆದರೆ ತಿನ್ನುವುದು ಒಂದೇ ಊಟ. ಅದಕ್ಕೇ ಮೂವರಿಗೂ ಉದ್ದ ಮೂತಿ, ಅಂಟು ನಾಲಿಗೆ, ಗಟ್ಟಿ ಉಗುರು.

ಸಭೆಯಲ್ಲಿ ಒಬ್ಬರು ಕೇಳಿದರು: ನಮ್ಮ ಕಡೆ ಇದು ಯಾವತ್ತೂ ಇರಲಿಲ್ಲವೇ? ಕರ್ನಾಟಕದಲ್ಲಿ ಇದ್ದದ್ದಕ್ಕೆ ಕುರುಹಿಲ್ಲ. ಆದರೆ ನಮ್ಮ ಉಪಖಂಡದಲ್ಲಿ ಇತ್ತು. ಈಗಿನ ಪಾಕಿಸ್ತಾನದ ಶಿವಾಲಿಕ್ ಬೆಟ್ಟಸಾಲಿನ ಕಲ್ಲುಗಳಲ್ಲಿ ಇದರ ಬಳಗದ ಪಳೆಯುಳಿಕೆ ಸಿಕ್ಕಿದೆ. ಒಂದು ಕೋಟಿ ವರ್ಷದಷ್ಟು ಹಳೆಯದು. ಯುರೋಪಿನಲ್ಲೂ ಸಿಕ್ಕಿದೆ. ಒಂದು ಕಾಲದಲ್ಲಿ ಬಳಗ ದೊಡ್ಡದಿತ್ತು. ಈಗ ಸಹಾರಾದ ದಕ್ಷಿಣಕ್ಕೆ ಈ ಒಂದು ಜಾತಿ ಮಾತ್ರ ಉಳಿದಿದೆ.

ಇನ್ನು ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ.

ತೆರೆದ ಜೀಪು. ಮೊಣಕಾಲಿನ ಮೇಲೆ ಕಂಬಳಿ. ಕೆಂಪು ಗಾಜಿನ ದೀಪ, ಪ್ರಾಣಿಯ ಕಣ್ಣಿಗೆ ಚುಚ್ಚಬಾರದು ಅಂತ. ಎರಡು ಗಂಟೆ ಏನೂ ಸಿಗಲಿಲ್ಲ. ಆಮೇಲೆ ಮೊದಲು ಕಿವಿಗೆ ಬಿತ್ತು. ಫುಸ್, ಫುಸ್, ಫುಸ್. ಕುಕ್ಕರಿನ ಸೀಟಿ ಕೂಗುವ ಮೊದಲು ಉಗಿ ಬಿಡುತ್ತಲ್ಲ, ಆ ಥರ. ದೀಪ ತಿರುಗಿಸಿದರೆ ಅದು! ಮೂತಿಯನ್ನು ನೆಲಕ್ಕೆ ಒತ್ತಿಕೊಂಡು ಬರುತ್ತಿತ್ತು. ನೇರ ನಡೆಯುವುದಿಲ್ಲ. ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಹೊಲ ಉಳುವವರ ಹಾಗೆ ಬಯಲನ್ನು ಮೂಸುತ್ತಾ ಹೋಗುತ್ತದೆ. ಕಣ್ಣು ಮಂದ. ಎಲ್ಲ ಕೆಲಸ ಮೂಗು, ಕಿವಿಯದು. ಮೂಗಿನೊಳಗೆ ಮಡಿಕೆ ಮಡಿಕೆಯಾಗಿ ತೆಳುವಾದ ಎಲುಬುಗಳಿವೆ, ಒಂಬತ್ತೋ ಹತ್ತೋ. ಇಷ್ಟು ಬೇರೆ ಸಸ್ತನಿಗಳಲ್ಲಿ ಇಲ್ಲ. ವಾಸನೆ ಹಿಡಿಯಲು ಅಷ್ಟು ಜಾಗ. ಮೂಗಿನ ಹೊಳ್ಳೆಗೆ ಒತ್ತಾದ ಕೂದಲಿನ ಪರದೆ. ತೋಡುವಾಗ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಮಣ್ಣೂ ಹೋಗುವುದಿಲ್ಲ, ಇರುವೆಯೂ ನುಗ್ಗುವುದಿಲ್ಲ.

ನಮ್ಮಿಂದ ಹದಿನೈದು ಹೆಜ್ಜೆ ದೂರದಲ್ಲಿ ಒಂದು ಹುತ್ತವಿತ್ತು. ಮೊಣಕಾಲೆತ್ತರ, ಬೋರಲು ಹಾಕಿದ ಮಡಕೆಯ ಹಾಗೆ ಗುಂಡಗೆ. ಚಳಿಗಾಲದ ಬಿಸಿಲಿಗೆ ಒಣಗಿ ಸಿಮೆಂಟಿನಷ್ಟು ಗಟ್ಟಿ. ಹಗಲು ನಾನೇ ಕಾಲಿನಿಂದ ಒದ್ದು ನೋಡಿದ್ದೆ, ಅಲುಗಿರಲಿಲ್ಲ. ಮಣ್ಣುಹಂದಿ ಅದರ ಮುಂದೆ ನಿಂತಿತು. ಮುಂಗಾಲು ಎರಡು ಸಲ ಎಳೆಯಿತು. ಅಷ್ಟೇ. ಹುತ್ತದ ಪಕ್ಕ ಬಾಯಿ ತೆರೆಯಿತು. ಮುಂಗಾಲಿನಲ್ಲಿ ನಾಲ್ಕು ಬೆರಳು, ಒಂದೊಂದಕ್ಕೂ ಸಲಿಕೆಯಂಥ ಉಗುರು. ಮೂತಿ ತೂರಿಸಿತು. ಕಿವಿಗಳು ಮಾತ್ರ ಹೊರಗೆ. ಅವು ಒಂದು ಕ್ಷಣವೂ ಸುಮ್ನೆ ಇರಲಿಲ್ಲ. ಒಂದು ನಮ್ಮ ಕಡೆ ತಿರುಗಿದರೆ ಇನ್ನೊಂದು ಹಿಂದಕ್ಕೆ. ಸಿಂಹ, ಚಿರತೆ, ಕತ್ತೆಕಿರುಬ ಇರುವ ನಾಡಲ್ವಾ? ತಲೆ ಹುತ್ತದೊಳಗೆ ಇಟ್ಟುಕೊಂಡವನಿಗೆ ಕಿವಿಯೇ ಕಾವಲು.

ನಾಲಿಗೆ 30 ಸೆಂಟಿಮೀಟರಿನಷ್ಟು ಉದ್ದ ಚಾಚುತ್ತದೆ. ಅಂಟು ಜೊಲ್ಲು. ಗೆದ್ದಲು ಅಂಟಿಕೊಂಡು ಬರುತ್ತವೆ, ಮಣ್ಣೂ ಬರುತ್ತದೆ. ಜಾಸ್ತಿ ಅಗಿಯುವ ಗೋಜಿಲ್ಲ. ಹೊಟ್ಟೆಯ ಕೊನೆಯ ಭಾಗ ಕೋಳಿಯ ಕಲ್ಲುಹೊಟ್ಟೆಯ ಹಾಗೆ ಗಟ್ಟಿ ಸ್ನಾಯು. ನುಂಗಿದ ಮರಳಿನ ಜೊತೆ ಅಲ್ಲೇ ಅರೆಯುತ್ತದೆ. ಆದರೂ ಹಲ್ಲಿದೆ, ದವಡೆಯ ಹಿಂಭಾಗದಲ್ಲಿ ಮಾತ್ರ. ಮೇಲೆ ಎನಾಮಲ್ ಇಲ್ಲ, ಒಳಗೆ ಒಂದೇ ಬೇರು ಅಂತಿಲ್ಲ. ಒಂದು ಹಲ್ಲು ಅಂದರೆ ಸಾವಿರಕ್ಕೂ ಹೆಚ್ಚು ಸೂಕ್ಷ್ಮ ಕೊಳವೆಗಳ ಕಟ್ಟು. ಅಡ್ಡ ಕೊಯ್ದು ನೋಡಿದರೆ ಜೇನುಹಟ್ಟಿಯ ಹಾಗೆ ಆರು ಮೂಲೆಯ ಕೋಣೆಗಳು. ಜೀವನಪೂರ್ತಿ ಸವೆಯುತ್ತವೆ, ಜೀವನಪೂರ್ತಿ ಬೆಳೆಯುತ್ತವೆ. ಹೀಗೆ ಹಲ್ಲು ಕಟ್ಟಿಕೊಂಡ ಬೇರೆ ಸಸ್ತನಿ ಇವತ್ತು ಇಲ್ಲ.

ಅದು ಆ ಹುತ್ತದಲ್ಲಿ ಎಷ್ಟು ಹೊತ್ತು ತಿಂದಿತು ಅಂತ ಯೋಚಿಸಿ. ನಾನು ಅರ್ಧ ಗಂಟೆಯಾದರೂ ಇರುತ್ತದೆ ಅಂದುಕೊಂಡಿದ್ದೆ. ಕೆಲವೇ ನಿಮಿಷ. ಇನ್ನೂ ಗೆದ್ದಲು ಕಾಣುತ್ತಿದ್ದಂತೆಯೇ ಮೂತಿ ಒರೆಸಿಕೊಂಡು ಹೊರಟಿತು. ಇರುವೆಗೂಡಿನಲ್ಲಂತೂ ಅದು ಇನ್ನೂ ಕಡಿಮೆ ಹೊತ್ತು ನಿಲ್ಲುತ್ತದೆ. ಕಾರಣವಿದೆ. ಗೂಡು ಒಡೆದ ಕೂಡಲೇ ಕಾವಲುಪಡೆ ಹೊರಗೆ ಬರುತ್ತದೆ. ಇರುವೆ ಕಚ್ಚುತ್ತದೆ. ಈ ಹುತ್ತದ ಗೆದ್ದಲಿನ ಸೈನಿಕರು ಮೂತಿಯಿಂದ ಅಂಟಂಟಾದ ವಿಷ ಚಿಮ್ಮಿಸುತ್ತಾರೆ. ತಿನ್ನುವ ಲಾಭಕ್ಕಿಂತ ಕಾಟ ಜಾಸ್ತಿಯಾದಾಗ ಮಣ್ಣುಹಂದಿ ಮುಂದಿನ ಗೂಡಿಗೆ ಹೋಗುತ್ತದೆ. ಗೂಡು ಉಳಿಯುತ್ತದೆ, ಗೆದ್ದಲು ಮತ್ತೆ ಕಟ್ಟುತ್ತವೆ. ತಿಂಗಳ ಮೇಲೆ ಅದೇ ಪ್ರಾಣಿ ಅದೇ ಗೂಡಿಗೆ ಬಂದರೆ ಊಟ ಇದ್ದೇ ಇರುತ್ತದೆ. ಹೀಗೆ ಒಂದು ರಾತ್ರಿಗೆ ಹಲವು ಕಿಲೋಮೀಟರ್ ನಡಿಗೆ, ಹತ್ತಾರು ಸಾವಿರ ಹುಳು.

ಅದು ಹೋದ ಮೇಲೆ ನಾವೂ ಹೊರಡಲು ನೋಡಿದೆವು. ಮಾರ್ಗದರ್ಶಿ ಬೇಡ ಅಂದರು. ಸ್ವಲ್ಪ ಹೊತ್ತಿಗೆ ನರಿಗಿಂತ ಕೊಂಚ ದೊಡ್ಡದಾದ, ಮೈಮೇಲೆ ಪಟ್ಟೆಗಳಿರುವ ಒಂದು ಪ್ರಾಣಿ ಮೆಲ್ಲಗೆ ಬಂತು. ಒಡೆದ ಹುತ್ತದ ಬಾಯಿಗೆ ನಾಲಿಗೆ ಇಟ್ಟು ನೆಕ್ಕತೊಡಗಿತು. ಅದು ಆರ್ಡ್‌ವುಲ್ಫ್. ಕತ್ತೆಕಿರುಬದ ಕುಲದ್ದು, ಆದರೆ ಊಟ ಗೆದ್ದಲು. ಅದಕ್ಕೆ ಹುತ್ತ ಒಡೆಯುವ ಶಕ್ತಿ ಇಲ್ಲ. ಬೇಸಿಗೆಯಲ್ಲಿ ಗೆದ್ದಲು ರಾತ್ರಿ ಹುಲ್ಲು ಕೊಯ್ಯಲು ಹೊರಗೆ ಬರುತ್ತವೆ, ನೆಲದ ಮೇಲೇ ನೆಕ್ಕಿಕೊಳ್ಳುತ್ತದೆ. ಚಳಿಗೆ ಗೆದ್ದಲು ಒಳಗೇ ಕೂತಾಗ ಅದಕ್ಕೆ ಹಸಿವು. ಆಗ ಮಣ್ಣುಹಂದಿ ಒಡೆದಿಟ್ಟದ್ದೇ ಗತಿ. ಸಂಶೋಧಕರೂ ಇದನ್ನು ನೋಡಿ ಬರೆದಿದ್ದಾರೆ. ಎದುರಿಗೆ ನೋಡುವಾಗ ನನಗೆ ಅನ್ನಿಸಿದ್ದು ಬೇರೆ. ಒಬ್ಬರು ಉಂಡು ಎದ್ದ ಮೇಲೆ ಎರಡನೇ ಪಂಕ್ತಿ ಕೂತ ಹಾಗಿತ್ತು.

ಈಗ ಬಿಲದ ವಿಷಯ. ನನಗೆ ಇದರಲ್ಲೇ ಹೆಚ್ಚು ಪ್ರೀತಿ.

ಮಣ್ಣುಹಂದಿ ಮೂರು ಥರ ತೋಡುತ್ತದೆ. ಒಂದು, ಊಟಕ್ಕೆ ತೋಡುವ ಸಣ್ಣ ಗುಂಡಿ. ಎರಡು, ಒಂದೆರಡು ಹಗಲು ಮಲಗಲು ತೋಡುವ ತಾತ್ಕಾಲಿಕ ಬಿಲ. ಮೂರು, ಮರಿ ಹಾಕುವ ದೊಡ್ಡ ಮನೆ. ಅದಕ್ಕೆ ಹಲವು ಬಾಯಿ, ಸುರಂಗ ಹತ್ತು ಮೀಟರಿಗೂ ಉದ್ದ ಇರಬಹುದು. ಮುಂಗಾಲಿನಿಂದ ಮಣ್ಣು ಎಳೆದು ಹಿಂಗಾಲಿನಿಂದ ಹಿಂದಕ್ಕೆ ದೂಡುತ್ತದೆ. ಒಳಗೆ ಹೋದ ಮೇಲೆ ಬಾಯಿಯನ್ನು ಒಳಗಿನಿಂದಲೇ ಮಣ್ಣಿನಿಂದ ಮುಚ್ಚಿ, ಗಾಳಿಗೆ ಸ್ವಲ್ಪ ಕಿಂಡಿ ಬಿಡುತ್ತದೆ. ಇಷ್ಟೆಲ್ಲ ಮಾಡಿ ಅದೇ ಬಿಲದಲ್ಲಿ ಬಹಳ ದಿನ ಇರುವುದಿಲ್ಲ. ಕೆಲವು ದಿನಕ್ಕೊಮ್ಮೆ ಮನೆ ಬದಲು. ಒಂದೇ ಪ್ರಾಣಿಯ ಓಡಾಟದ ಜಾಗದಲ್ಲಿ ಹತ್ತಾರು ಖಾಲಿ ಬಿಲಗಳು.

ಖಾಲಿ ಅಂದೆ. ಖಾಲಿ ಎಲ್ಲಿರುತ್ತವೆ?

ಮುಳ್ಳುಹಂದಿ ಬರುತ್ತದೆ. ಆಫ್ರಿಕಾದ ಚಿಪ್ಪುಹಂದಿ ಬರುತ್ತದೆ. ಮುಖದ ತುಂಬ ಗಂಟುಗಳಿರುವ ವಾರ್ಟ್‌ಹಾಗ್ ಬರುತ್ತದೆ, ಅದು ನಿಜವಾದ ಹಂದಿ. ನಮ್ಮ ಕನ್ನಡದ ಹಂದಿಗಳೆಲ್ಲ ಮಣ್ಣುಹಂದಿಯ ಮನೆಯಲ್ಲೇ! ವಾರ್ಟ್‌ಹಾಗ್ ಬಿಲಕ್ಕೆ ಹಿಂದುಹಿಂದಾಗಿ ಇಳಿಯುತ್ತದೆ. ಕೋರೆಹಲ್ಲು ಬಾಗಿಲ ಕಡೆಗಿರುತ್ತದೆ. ಹೆದರಿದರೆ ಗುಂಡಿನ ಹಾಗೆ ಹೊರಗೆ ನುಗ್ಗುತ್ತದೆ. ಮಾರ್ಗದರ್ಶಿ ನನ್ನನ್ನು ಯಾಕೆ ಎಳೆದರು ಅಂತ ಈಗ ಗೊತ್ತಾಯಿತಲ್ವಾ?

ಕಾಡುನಾಯಿಗಳು ಇಂಥ ಬಿಲದಲ್ಲಿ ಮರಿ ಹಾಕುತ್ತವೆ. ಆಫ್ರಿಕಾದ ಆ ಕಾಡುನಾಯಿ ಅಳಿವಿನಂಚಿನಲ್ಲಿದೆ. ಕತ್ತೆಕಿರುಬ, ಹೆಬ್ಬಾವು, ಉಡ, ಬಾವಲಿ, ಕಪ್ಪೆ ಎಲ್ಲಕ್ಕೂ ಇಲ್ಲಿ ಜಾಗ. ದಕ್ಷಿಣ ಆಫ್ರಿಕಾದ ಶೆಲ್‌ಡಕ್ ಅನ್ನುವ ಬಾತು ನೀರು ಬಿಟ್ಟು ದೂರ ಬಂದು ಈ ಬಿಲದ ಕತ್ತಲಲ್ಲಿ ಮೊಟ್ಟೆ ಇಡುತ್ತದೆ. ನೀಲಿ ಕವಲುತೋಕೆ ಅಂತ ಒಂದು ಅಪರೂಪದ ಹಕ್ಕಿ ಇದೆ. ಎತ್ತರದ ಹುಲ್ಲುಗಾವಲಿನದು. ಅದು ಬಿಲದ ಚಾವಣಿಗೆ ಕೆಸರಿನ ಬಟ್ಟಲು ಅಂಟಿಸಿ ಗೂಡು ಮಾಡುತ್ತದೆ. ಮರವಿಲ್ಲದ, ಬಂಡೆಯಿಲ್ಲದ ಬಯಲಿನಲ್ಲಿ ಇನ್ನೆಲ್ಲಿ ಗೂಡು ಕಟ್ಟಬೇಕು? ಹಗಲು ನೆಲ ಸುಡುತ್ತದೆ, ರಾತ್ರಿ ಹಿಮ ಕೂರುತ್ತದೆ. ನೆಲದಡಿ ಹದವಾಗಿರುತ್ತದೆ. ಆದರೆ ಆ ಗಟ್ಟಿ ನೆಲ ಅಗೆಯುವ ತಾಕತ್ತು ಎಷ್ಟು ಪ್ರಾಣಿಗಳಿಗಿದೆ?

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಅಂತ ನಮ್ಮಲ್ಲಿ ಮಾತಿದೆ. ಕಷ್ಟಪಟ್ಟವನು ಒಬ್ಬ, ಅನುಭವಿಸುವವನು ಇನ್ನೊಬ್ಬ ಅನ್ನುವ ನೋವು ಅದರಲ್ಲಿದೆ. ಜುಲು ಭಾಷೆಯಲ್ಲಿ ಮಣ್ಣುಹಂದಿಗೆ ಇಸಾಂಬಾನೆ ಅನ್ನುತ್ತಾರೆ. ಅವರಲ್ಲೂ ಇಂಥದ್ದೇ ಒಂದು ಮಾತಿದೆ. ತಾನು ಮಲಗದ ಗುಂಡಿ ತೋಡುವುದಕ್ಕೆ ಅವರು ಇಸಾಂಬಾನೆಯ ಕೆಲಸ ಅನ್ನುತ್ತಾರೆ. ಎರಡು ಖಂಡ, ಎರಡು ಭಾಷೆ. ನೆಲದೊಳಗಿನ ಮನೆಯನ್ನು ನೋಡಿ ಇಬ್ಬರಿಗೂ ಹೊಳೆದದ್ದು ಒಂದೇ.

ಒಂದು ಗಿಡವೂ ಇದನ್ನು ನಂಬಿಕೊಂಡಿದೆ. ಮಣ್ಣುಹಂದಿ ಸೌತೆ. ನಮ್ಮ ಸೌತೆಕಾಯಿ, ಕರಬೂಜದ ಕುಲದ್ದೇ ಬಳ್ಳಿ. ಕಡಲೇಕಾಯಿ ಗಿಡ ನೋಡಿದ್ದೀರಲ್ಲ? ಹೂವು ಮೇಲೆ ಬಿಡುತ್ತದೆ, ಆಮೇಲೆ ತೊಟ್ಟು ಬಗ್ಗಿ ನೆಲಕ್ಕೆ ಇಳಿದು ಮಣ್ಣಿನೊಳಗೆ ಕಾಯಿ ಕಟ್ಟುತ್ತದೆ. ಈ ಸೌತೆಯೂ ಹಾಗೇ. ಒಂದು ಗೇಣಿನಷ್ಟು ಆಳದಲ್ಲಿ ಕಾಯಿ ಬಲಿಯುತ್ತದೆ. ಗಟ್ಟಿ ಸಿಪ್ಪೆ, ಒಳಗೆ ತುಂಬ ನೀರು. ನೆಲದೊಳಗೆ ಹೂತ ಕಾಯಿಯ ಬೀಜ ಹೊರಗೆ ಬರುವುದು ಹೇಗೆ? ಮಣ್ಣುಹಂದಿ ವಾಸನೆ ಹಿಡಿದು ತೋಡಿ ತಿನ್ನುತ್ತದೆ. ಇರುವೆ, ಗೆದ್ದಲು ಬಿಟ್ಟರೆ ಅದು ಇಷ್ಟಪಟ್ಟು ತಿನ್ನುವ ಹಣ್ಣು ಇದೊಂದೇ. ಒಣನಾಡಿನಲ್ಲಿ ಅದರಿಂದ ನೀರೂ ಸಿಗುತ್ತದೆ. ಆಮೇಲೆ ಬೆಕ್ಕಿನ ಹಾಗೆ ಗುಂಡಿ ತೋಡಿ ಲದ್ದಿ ಹಾಕಿ ಮುಚ್ಚುತ್ತದೆ. ಬೀಜ, ಗೊಬ್ಬರ, ಸಡಿಲ ಮಣ್ಣು, ಮೂರೂ ಒಟ್ಟಿಗೆ. ಬಿತ್ತನೆ ಮುಗಿಯಿತು. ಅದಕ್ಕೇ ಈ ಬಳ್ಳಿ ಹೆಚ್ಚಾಗಿ ಹಳೆಯ ಬಿಲಗಳ ಆಸುಪಾಸಿನಲ್ಲೇ ಸಿಗುತ್ತದೆ. ಮಣ್ಣುಹಂದಿ ಹೋದರೆ ಆ ಸೌತೆ ಬಿತ್ತುವವರಿಲ್ಲ.

ಹೋಗುತ್ತದೆಯೇ? ಯಾವ ಪ್ರಾಣಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಸದ್ಯಕ್ಕೆ ಆತಂಕವಿಲ್ಲದ ಪ್ರಾಣಿ. ಹರಡಿರುವ ಜಾಗ ದೊಡ್ಡದು. ಆದರೆ ಅದಕ್ಕೆ ತೊಂದರೆಗಳಿವೆ. ಮಾಂಸಕ್ಕೆ ಬೇಟೆಯಾಡುತ್ತಾರೆ. ಕುರಿ ಸಾಕುವವರ ಬೇಲಿಯ ಕೆಳಗೆ ಬಿಲ ತೋಡುತ್ತದೆ, ಆ ಕಿಂಡಿಯಿಂದ ನರಿ ನುಗ್ಗಿ ಕುರಿ ಹಿಡಿಯುತ್ತದೆ, ಸಿಟ್ಟು ಮಣ್ಣುಹಂದಿಯ ಮೇಲೆ. ನಮೀಬಿಯಾದಲ್ಲಿ ಇಂಥ ತೋಡುವ ಪ್ರಾಣಿಗಳಿಗಾಗಿ ಬೇಲಿಯಲ್ಲಿ ತೂಗುಬಾಗಿಲು ಇಟ್ಟು ನೋಡಿದ್ದಾರೆ. ತಲೆಯಿಂದ ದೂಡಿಕೊಂಡು ದಾಟುತ್ತವೆ, ತೋಡುವ ಅಗತ್ಯ ಬೀಳುವುದಿಲ್ಲ. ಒಳ್ಳೆಯ ಉಪಾಯ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಕಲಹಾರಿ ಮರುಭೂಮಿಯ ಅಂಚಿನಲ್ಲಿ ಟ್ಸ್ವಾಲು ಅನ್ನುವ ಸಂರಕ್ಷಿತ ಪ್ರದೇಶವಿದೆ. ಜೋಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯದ ತಂಡ ಅಲ್ಲಿ ಆರು ಮಣ್ಣುಹಂದಿಗಳ ಮೈಯೊಳಗೆ ಪುಟ್ಟ ಉಷ್ಣಮಾಪಕ ಇಟ್ಟಿತು. ಸುಮ್ನೆ ಅವುಗಳ ದಿನಚರಿ ತಿಳಿಯೋಣ ಅಂತ. ಅಷ್ಟರಲ್ಲಿ 2012-13ರ ಬೇಸಿಗೆ ಬಂತು. ಭಯಂಕರ ಬಿಸಿಲು, ಬರ. ಹುಲ್ಲು ಸತ್ತಿತು. ಹುಲ್ಲು ತಿನ್ನುವ ಗೆದ್ದಲು ಇಲ್ಲವಾದವು, ಇರುವೆಯೂ ಕಡಿಮೆಯಾದವು. ಮಣ್ಣುಹಂದಿ ಬಿಸಿಲಿಗೆ ಬೆಂದು ಸತ್ತಿತು ಅಂತ ಯಾರಾದರೂ ಊಹಿಸಬಹುದು. ಆದದ್ದು ಅದಲ್ಲ. ಹೊಟ್ಟೆಗಿಲ್ಲದೆ ಮೈ ತಣ್ಣಗಾಯಿತು. ರಾತ್ರಿ ಚಳಿಯಲ್ಲಿ ಮೈ ಬಿಸಿ ಉಳಿಸಿಕೊಳ್ಳುವಷ್ಟೂ ಕಸುವು ಉಳಿಯಲಿಲ್ಲ. ಆಮೇಲೆ ಅವು ರಾತ್ರಿ ಬಿಟ್ಟು ಹಗಲು ಹೊರಗೆ ಬರತೊಡಗಿದವು. ಬಿಸಿಲು ಕಾಯಿಸಿಕೊಂಡರೆ ಅಷ್ಟಾದರೂ ಶಕ್ತಿ ಉಳಿಯುತ್ತದಲ್ಲ. ಒಂದರ ಮೈಯ ಶಾಖ 25 ಡಿಗ್ರಿವರೆಗೆ ಇಳಿದದ್ದು ಉಪಕರಣದಲ್ಲಿ ದಾಖಲಾಗಿದೆ. ಆರರಲ್ಲಿ ಐದು ಸತ್ತವು. ಆ ಪ್ರದೇಶದ ಬೇರೆ ಮಣ್ಣುಹಂದಿಗಳೂ ಸತ್ತವು. ಈ ಅಧ್ಯಯನ ಪ್ರಕಟವಾದದ್ದು 2017ರಲ್ಲಿ.

ಹಗಲು ಹೊತ್ತಿನಲ್ಲಿ ಮಣ್ಣುಹಂದಿ ಕಂಡರೆ ಪ್ರವಾಸಿಗರು ಅದೃಷ್ಟ ಅಂತ ಫೋಟೊ ತೆಗೆಯುತ್ತಾರೆ. ಬರದ ವರ್ಷ ಅದು ಕಾಣಿಸಿಕೊಳ್ಳುವುದೇ ಹಸಿವಿನಿಂದ. ಹಾಗಂತ ಚಳಿಗಾಲದ ಸಂಜೆ ಕಂಡರೆ ಹೆದರಬೇಕಿಲ್ಲ, ಚಳಿಗೆ ಮುಂಚೆ ಊಟ ಮುಗಿಸಲು ಅವು ಬೇಗ ಏಳುತ್ತವೆ. ಈ ಎರಡರ ವ್ಯತ್ಯಾಸ ನನಗೂ ಆ ಅಧ್ಯಯನ ಓದಿದ ಮೇಲೇ ತಿಳಿದದ್ದು. ಬರ ಬಂದ ಕಡೆ ಹೊಸ ಬಿಲ ತೋಡುವವರೂ ಇರುವುದಿಲ್ಲ. ಹಳೆಯವು ಮಳೆಗೆ ಕುಸಿದು ಮುಚ್ಚುತ್ತಾ ಹೋಗುತ್ತವೆ. ವರ್ಷಕ್ಕೆ ಒಂದೇ ಮರಿ ಹಾಕುವ ಪ್ರಾಣಿ ಇದು. ಬಸಿರು ಏಳು ತಿಂಗಳು. ಎರಡು ಕಿಲೋದಷ್ಟು ತೂಗುವ, ಮೈತುಂಬ ಸುಕ್ಕಿನ ಬೋಳು ಮರಿ. ಎರಡು ವಾರಕ್ಕೆ ತಾಯಿಯ ಹಿಂದೆ ಹೊರಗೆ ಬರುತ್ತದೆ, ಆರು ತಿಂಗಳಿಗೆ ತಾನೇ ಬಿಲ ತೋಡುತ್ತದೆ. ಒಂದು ಜಾಗದಲ್ಲಿ ಎಲ್ಲವೂ ಸತ್ತರೆ ಮತ್ತೆ ತುಂಬಿಕೊಳ್ಳಲು ಬಹಳ ವರ್ಷ ಬೇಕು.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಆ ಮೊದಲಿನ ಬಿಲದ ಒಳಗೆ ಯಾರಿದ್ದರು? ನೀವು ಹೇಳಲೇ ಇಲ್ಲ."

ಮರುದಿನ ಬೆಳಗಾಗುವ ಮೊದಲೇ ನಾವು ಅಲ್ಲಿಗೆ ಮತ್ತೆ ಹೋದೆವು. ಹುಲ್ಲಿನ ತುದಿಗೆ ಹಿಮ ಕೂತಿತ್ತು. ಪಕ್ಕದಲ್ಲೇ, ಗಾಳಿಗೆ ಎದುರಾಗಿ ಕೂತೆವು. ಬೆಳಕು ಸ್ವಲ್ಪ ಹರಿದಾಗ ಬಿಲದ ಬಾಯಿಂದ ಕಂದುಗಪ್ಪು ಹಕ್ಕಿಯೊಂದು ಹೊರಗೆ ಬಂದು ಮಣ್ಣಿನ ಗುಡ್ಡೆಯ ಮೇಲೆ ಕೂತಿತು. ರೆಕ್ಕೆ ಬಿಚ್ಚಿದಾಗ ಬಿಳಿ ಪಟ್ಟೆ ಕಂಡಿತು. ಇರುವೆ ತಿನ್ನುವ ಚಾಟ್ ಹಕ್ಕಿ. ರಾತ್ರಿ ಬಿಲದಲ್ಲೇ ತಂಗುತ್ತದೆ. ಅದರ ಹಿಂದೆ ಇನ್ನೊಂದು ಬಂತು. ಎರಡೂ ಬಾಲ ಅಲ್ಲಾಡಿಸುತ್ತಾ ಬಿಸಿಲಿಗೆ ಕಾಯುತ್ತಿದ್ದವು.

ಅಷ್ಟೇ ಇರಬೇಕು ಅಂದುಕೊಂಡು ನಾನು ಏಳಲು ಹೋದೆ. ಮಾರ್ಗದರ್ಶಿ ಮಾತಾಡದೆ ನೆಲಕ್ಕೆ ಬೆರಳು ತೋರಿಸಿದರು. ಕೆಂಪು ಮಣ್ಣಿನ ಮೇಲೆ ಪುಟ್ಟ ಅಂಗೈಯಂಥ ಹೆಜ್ಜೆಗಳು, ಪಕ್ಕದಲ್ಲಿ ಎಳೆದ ಕಡ್ಡಿಯ ಗೆರೆಗಳು. ಬಾಗಿಲಲ್ಲಿ ಒಂದು ಮುಳ್ಳು ಬಿದ್ದಿತ್ತು, ಕಪ್ಪು ಬಿಳಿ ಪಟ್ಟೆಯದು. ಒಳಗೆ ಹೋದ ಹೆಜ್ಜೆಗಳಿದ್ದವು. ಹೊರಗೆ ಬಂದವು ಇರಲಿಲ್ಲ.